ನಾಗರಹೊಳೆಗೆ ಹೊರಟ ವ್ಯಾನು

ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಬಂದರೆ ಈಗಲೂ ನನಗೆ ಸೊರಬದ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಶಿಕಾರಿಪುರದ ಮಾವ ಹಳೇ ವ್ಯಾನಿನ ಸೀಟು ಕಿತ್ತು, ರೆಕ್ಸಿನ್ ಹಾಸಿಗೆ, ಗ್ಯಾಸ್ ಒಲೆ ಕೂರಿಸಿ ತಂದಿದ್ದರು. ಬೇಸಿಗೆಯಿಡೀ ಅವರೂ ಅತ್ತೆಯೂ ಅದರಲ್ಲೇ ತಿರುಗಿ ನಾಗರಹೊಳೆ, ಬಂಡೀಪುರ ನೋಡುವವರಿದ್ದರು. ಖುಷಿಗೆ ನಾನೇ ಮೂರು ಸಲ ಹತ್ತಿ ಇಳಿದಿದ್ದೆ. ಆದರೆ ಅಜ್ಜಿ ಒಪ್ಪದೆ ಅತ್ತೆ ಹೊರಡುವವರಲ್ಲ. ಕ್ಯಾಸನೂರಿನಲ್ಲಿ ಹುಟ್ಟಿದ ಅಜ್ಜಿ ತಮ್ಮನನ್ನು, ಉಣುಗು ಅಂದರೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಗೆ ಕಳೆದುಕೊಂಡಿದ್ದರು.

“ಬ್ಯಾಸಿಗೇಲಿ ಯಾರಾದ್ರೂ ಕಾಡಿಗೆ ಹೋಗ್ತಾರೇನ್ರೀ? ಉಣುಗು ಕಚ್ಚಿದ್ರೆ?” ಎಂದು ಅಳಿಯನನ್ನು ಗದರಿದರು.

ಶಾಲೆಯ ಚರ್ಚಾಸ್ಪರ್ಧೆ ಗೆದ್ದ ಹುಮ್ಮಸ್ಸಿನಲ್ಲಿ ನಾನು ಎದ್ದು ನಿಂತೆ. “ಅಜ್ಜಿ, ಅಲ್ಲಿ ಗಾಡಿಯಿಂದ ಇಳಿಯೋಕೇ ಬಿಡಲ್ಲ. ಉಣುಗಿಗೆ ರೆಕ್ಕೆನೂ ಇಲ್ಲ. ಮತ್ತೆ ಕಚ್ಚೋದು ಹೆಂಗೆ?”

“ಗಾಲಿ ಹತ್ಕಂಡು ಬರ್ತದೆ.”

ಅಜ್ಜಿ ಒಳಗಿನಿಂದ ಆಸ್ಪತ್ರೆಯವರು ಕೊಟ್ಟಿದ್ದ ಎಣ್ಣೆಯ ಬಾಟಲಿ ತಂದರು. ಉಣುಗು ಹತ್ತದಿರಲೆಂದು ಸೌದೆಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಕುಕ್ಕರಗಾಲಲ್ಲಿ ಕೂತು, ಕೂಸಿನ ಕಾಲಿಗೆ ಹಚ್ಚುವಷ್ಟು ನಿಧಾನವಾಗಿ, ವ್ಯಾನಿನ ನಾಲ್ಕೂ ಗಾಲಿಗೆ ಸವರಿದರು.

“ಅತ್ತೇರೆ, ರಬ್ಬರ್ ಹಾಳಾಗ್ತತ್ರೀ!” ಮಾವ ಕೂಗಿಕೊಂಡರು.

“ರಬ್ಬರ್ ಪ್ಯಾಟೇಲಿ ಸಿಗ್ತದೆ. ಮಗಳು ಸಿಗ್ತಾಳಾ?”

ಬಾಟಲಿ ಬರಿದಾಯಿತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದರು. “ಹೊರಡು ಮತ್ತೆ. ಆನೆ ಕಂಡ್ರೆ ಫೋನ್‌ನಲ್ಲಿ ನಂಗೂ ತೋರ್ಸು.”

ಅವರು ಮನಸ್ಸು ಬದಲಿಸುವ ಮೊದಲೇ ಅತ್ತೆ ಬರಿಗಾಲಲ್ಲಿ ಓಡಿ ವ್ಯಾನು ಹತ್ತಿದರು.