ಅಂಗೈಯ ಮೇಲಿನ ಕಾಂಚನಜುಂಗಾ

"ಅಜ್ಜಿ, ಮೋಡ ಸರೀತಾ ಇದೆ, ನೋಡ್ತಾ ಇರು," ಎಂದಳು ಫೋನಿನೊಳಗಿಂದ ಮೊಮ್ಮಗಳು ನಿಶ್ಚಿತಾ. ಸಿಕ್ಕಿಂನಲ್ಲಿ ಅವಳ ಪಕ್ಕ ನಿಂತಿರಬೇಕಿದ್ದ ಬಸವಮ್ಮನನ್ನು, ಆ ಎತ್ತರ ಹೃದಯಕ್ಕೆ ಆಗದೆಂದು ಡಾಕ್ಟರು ಬಾಳೆಹೊನ್ನೂರಿನಲ್ಲೇ ಉಳಿಸಿದ್ದರು. ಪ್ರಯಾಣಕ್ಕೆಂದು ಕೊಂಡಿದ್ದ ಉಣ್ಣೆಯ ಸ್ವೆಟರನ್ನು ಈ ಸೆಕೆಯಲ್ಲೂ ಅವಳು ತೊಟ್ಟು ಕೂತಿದ್ದಳು.

ಮೋಡ ಸರಿಯಿತು. ದೇಶದಲ್ಲೇ ಎಲ್ಲಕ್ಕಿಂತ ಎತ್ತರದ ಕಾಂಚನಜುಂಗಾ ಬೆಳ್ಳಗೆ ಎದ್ದು ನಿಂತಿತು. ಬಸವಮ್ಮ ತನಗರಿವಿಲ್ಲದೆಯೇ ಫೋನನ್ನು ಎಡ ಅಂಗೈಗೆ ಬದಲಿಸಿದಳು. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನಿಟ್ಟು ಕಣ್ತುಂಬ ನೋಡುವ ಕೈ ಅದು.

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

"ಕಟ್ ಆಯ್ತಮ್ಮ, ಕೊಡು," ಎಂದು ಮಗ ಕಾಂತೇಶ್ ಕೈಚಾಚಿದ.

"ತಡಿ ಮಾರಾಯ."

ಪೂಜೆ ಮುಗಿದಾಗ ಮಾಡುವಂತೆ ಅವಳು ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಹಿಮದ ತಂಪಿಗೆ ಕಾದಿದ್ದ ರೆಪ್ಪೆಗಳಿಗೆ ಅದು ಬಿಸಿಯಾಗಿ ತಾಗಿತು.