ಗಸಿ ಇಳಿಯುವವರೆಗೆ

ಭೂಮಿಯನ್ನು ಸುತ್ತುತ್ತ ತೇಲುವ ಈ ಊರಿನಲ್ಲಿ ಯಾವುದಕ್ಕೂ ಭಾರವಿಲ್ಲ. ಹಾಗಾಗಿ ಹಳೆಯ ವೈನಿನ ಗಸಿಯೂ ತಾನಾಗಿ ತಳಕ್ಕಿಳಿಯುವುದಿಲ್ಲ. ಅದನ್ನು ಇಳಿಸಲೆಂದೇ ದಿನಕರ ಹೆಂಡತಿಯ ಒಂದು ಕೈ ಹಿಡಿದು ಅವಳನ್ನು ಗಿರಗಿರನೆ ತಿರುಗಿಸುತ್ತಿದ್ದ. ಅಹಲ್ಯ ಇನ್ನೊಂದು ಕೈಯಲ್ಲಿ, ಮದುವೆಗೆ ಉಡುಗೊರೆಯಾಗಿ ಬಂದಿದ್ದ ಬೋರ್ಡೊ ಕೆಂಪು ವೈನಿನ ಬಾಟಲಿಯನ್ನು ತಳ ಹೊರಗಾಗಿ ಚಾಚಿ ಹಿಡಿದಿದ್ದಳು. ಇರುವುದು ಅದೊಂದೇ.

“ಮೆಲ್ಲಗೆ ರೀ, ಮೊಣಕಾಲು ಗೋಡೆಗೆ ಬಡಿಯತ್ತೆ!”

“ಇಷ್ಟು ವರ್ಷ ಕಾದಿದ್ದು ಗಸಿ ಕುಡಿಯೋಕಾ? ಗಟ್ಟಿಯಾಗಿ ಹಿಡ್ಕೊಳೇ.”

ಕೊನೆಗೂ ಗಸಿ ತಳಕ್ಕಂಟಿತು. ಬಾಟಲಿ ಅಲುಗಿಸದೆ, ಒಂದೇ ಕೊಳವೆಯಲ್ಲಿ ಇಬ್ಬರೂ ಸರದಿಯಂತೆ ಹೀರಿದರು. ಮೊದಲು ಒಣಗಿದ ನೇರಳೆಯ ಒಗರು, ಅದರ ಹಿಂದೆಯೇ ಹಳೇ ಮರದ ಪೆಟ್ಟಿಗೆ ತೆರೆದ ವಾಸನೆ. ವೈನ್ ಮುಗಿದ ಮೇಲೂ ರುಚಿ ನಾಲಿಗೆಯ ಮೇಲೇ ಕೂತಿತ್ತು.

ಅಹಲ್ಯ ಖಾಲಿ ಬಾಟಲಿಯನ್ನು ಮತ್ತೆ ಚಾಚಿ ಹಿಡಿದಳು.

“ಗಸಿ ಎದ್ದುಬಿಟ್ಟಿದೆ ರೀ. ಇನ್ನೊಂದ್ಸಲ ತಿರುಗ್ಸಿ.”