ತಂಗೆವ್ವನ ಬಿಳಿ ಬೆಕ್ಕು

ಹೊಳೆಯಾಚೆಯಿಂದ ಬರುವ ಬಾಂಬುಗಳ ಸದ್ದು ಮನುಷ್ಯರ ಕಿವಿಗೆ ಬೀಳದಂತಾಗಿ ನಾಲ್ಕು ವರ್ಷವಾಗಿತ್ತು. ಬೆಕ್ಕುಗಳಿಗೆ ಮಾತ್ರ ಕೇಳುತ್ತಿತ್ತು. ಹಾಗಾಗಿ ಮನೆಗೊಂದು ಬೀದಿಬೆಕ್ಕು ಸಾಕಲೇಬೇಕೆಂದು ಕಾನೂನು. ಬೆಕ್ಕು ಕಿವಿ ನಿಮಿರಿಸಿ ಹೊಳೆಯತ್ತ ತಿರುಗಿತೆಂದರೆ, ಹೆಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು, ಹಿಂದೆ ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವಿಗೆ ಇಳಿಯಬೇಕು.

ಸೋಮವಾರ ತಪಾಸಣೆಗೆ ಬಂದ ಬೆಕ್ಕಿನ ಸಾಹೇಬರು ತಂಗೆವ್ವನ ಬಿಳಿ ಬೆಕ್ಕಿನ ಹಿಂದೆ ನಿಂತು, ಮನುಷ್ಯರಿಗೆ ಕೇಳದ ತಮ್ಮ ಪೀಪಿ ಊದಿದರು. ಪಕ್ಕದ ಮನೆಯ ಗೋಡೆ ಮೇಲಿದ್ದ ಕರಿಬೆಕ್ಕು ಬೆಚ್ಚಿ ತಿರುಗಿತು. ಬಿಳಿಯದು ಮುಂಗಾಲು ನೆಕ್ಕುತ್ತಲೇ ಇತ್ತು.

“ಇದು ಕೆಪ್ಪ ಐತಲ್ಲ ಯವ್ವಾ! ಒಯ್ದು ಬ್ಯಾರೇದು ಕೊಡ್ತೀನಿ.”

“ತಂದ ದಿನಾನ ಗೊತ್ತಾತ್ರಿ. ಇರ್ಲಿ ಬಿಡ್ರಿ.”

“ಮತ್ತ ಬಾಂಬ್ ಬಂದ್ರ ನಿಮಗ ಹೇಳೋರು ಯಾರು?”

“ನನಗ ಹೇಳಾಕ ಬಾಜೂ ಮನಿ ಬೆಕ್ಕೈತಿ,” ಎಂದಳು ತಂಗೆವ್ವ, ರೊಟ್ಟಿ ತಿರುವುತ್ತ. “ಇದಕ್ಕ ಹೇಳಾಕ ಯಾರದಾರ್ರಿ?”

ಸಾಹೇಬರು ಪೀಪಿ ಕಿಸೆಗೆ ಹಾಕಿ, ಪುಸ್ತಕ ತೆರೆದು ದೂರು ಬರೆಯತೊಡಗಿದರು. ಗೋಡೆ ಮೇಲಿನ ಕರಿಬೆಕ್ಕಿನ ಕಿವಿ ಮತ್ತೆ ನಿಮಿರಿ ಹೊಳೆಯತ್ತ ತಿರುಗಿತು. ಸಾಹೇಬರು ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು.

ತಂಗೆವ್ವ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಿಂದ ಅವರ ತೋಳು ಹಿಡಿದು ಹಗೇವಿನತ್ತ ಜಗ್ಗಿದಳು.